ಹೆಂಡತಿಗೆ ಶಾರ್ಜಾದಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿದೆ, ನಾನೂ ಜೊತೆಗೆ ಹೋಗಲೇ?

ನಿಮ್ಮ ಪ್ರಶ್ನೆಯನ್ನು ಓದುವ ಉಳಿದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಊರು ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಹತ್ತಿರ. ಹೆಂಡತಿ ಸರ್ಕಾರಿ ಹೈಸ್ಕೂಲಿನ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುತ್ತಾರೆ. ಶಾರ್ಜಾದ ಒಂದು ಸಿಬಿಎಸ್‌ಇ ಶಾಲೆಯಿಂದ ಕರೆ ಬಂದಿದೆ. ನೀವು ಮಂಗಳೂರಿನಲ್ಲಿ ಬಿ.ಕಾಂ. ಓದಿ ಸಣ್ಣ ಲೆಕ್ಕಪತ್ರದ ಕೆಲಸದಲ್ಲಿದ್ದೀರಿ, ಅದರ ಜೊತೆಗೆ ಅಡಿಕೆ ತೋಟ, ವಯಸ್ಸಾದ ತಂದೆ. ಹೋಗುವುದೋ ಬೇಡವೋ, ಹೋದರೆ ಅಲ್ಲಿ ನಾನೇನು ಮಾಡಲಿ ಎಂದು ಕೇಳಿದ್ದೀರಿ.

ನಾನೂ ಅದೇ ಕಾಸರಗೋಡಿನ ಪೆರ್ಲ ಕಡೆಯವನು. ಹೆಂಡತಿಯ ಅಧ್ಯಾಪಿಕೆಯ ಕೆಲಸದ ಬೆನ್ನಿಗೆ ಅಜ್ಮಾನಿಗೆ ಹೋಗಿ ಕೆಲವು ವರ್ಷ ಇದ್ದು ಬಂದವನು. ಹೋಗಿ ಎಂದೇ ಹೇಳುತ್ತೇನೆ. ಆದರೆ ಇಬ್ಬರೂ ಒಂದೇ ವಿಮಾನದಲ್ಲಿ ಬೇಡ, ನಿಮ್ಮ ಸ್ವಂತ ಕಾಗದಪತ್ರ ಕೈಗೆ ಬರುವ ಮೊದಲಂತೂ ಬೇಡವೇ ಬೇಡ.

ಕಾಗದದ ವಿಷಯವೇ ಮೊದಲು ಬರಲಿ. ಕೆಲಸ ಸಿಕ್ಕಿದ್ದು ಹೆಂಡತಿಗಾದ್ದರಿಂದ ಅವರ ಪದವಿ ಪತ್ರ, ಬಿ.ಎಡ್., ಅನುಭವ ಪತ್ರಗಳ ದೃಢೀಕರಣಕ್ಕೆ ಮನೆಯವರೆಲ್ಲ ಓಡಾಡುತ್ತಾರೆ. ಗಂಡನಿಂದ ಕೇಳುವುದು ಮದುವೆ ಪ್ರಮಾಣಪತ್ರ ಒಂದನ್ನೇ, ಹಾಗಾಗಿ ಅವನ ಪದವಿ ಪತ್ರ ಕಪಾಟಿನಲ್ಲೇ ಉಳಿಯುತ್ತದೆ. ಅಲ್ಲಿ ಒಂದು ಒಳ್ಳೆಯ ಕೆಲಸ ಎದುರಾದಾಗ ಅದೇ ಪತ್ರ ಬೇಕಾಗುತ್ತದೆ. ಕಾಸರಗೋಡಿನವರಾದ ನಮಗೆ ಇನ್ನೊಂದು ತೊಡಕಿದೆ. ಎಸ್ಸೆಸ್ಸೆಲ್ಸಿ ಕೇರಳದ್ದು, ಪದವಿ ಮಂಗಳೂರು ವಿಶ್ವವಿದ್ಯಾನಿಲಯದ್ದು. ಕೇರಳದ ಪತ್ರಗಳ ದೃಢೀಕರಣಕ್ಕೆ ನೋರ್ಕಾ ರೂಟ್ಸ್ ಎಂಬ ಕೇರಳ ಸರ್ಕಾರದ ಸಂಸ್ಥೆ ಇದೆ, ಕೋಝಿಕ್ಕೋಡಿನಲ್ಲಿ ಕೇಂದ್ರವೂ ಇದೆ. ಕರ್ನಾಟಕದ ಪದವಿಗೆ ಕರ್ನಾಟಕ ಸರ್ಕಾರದ ಮುದ್ರೆಯೇ ಆಗಬೇಕು. ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಶಾರ್ಜಾ ಸೇರಿರುವ ಯುಎಇಯ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಒಮಾನಿಗೆ ಹೋಗುವವರಿಗೆ ಅಪೊಸ್ಟಿಲ್ ಮುದ್ರೆ, ಅಂದರೆ ರಾಯಭಾರ ಕಚೇರಿಗೆ ಹೋಗದೆ ನಮ್ಮ ವಿದೇಶಾಂಗ ಸಚಿವಾಲಯದಲ್ಲೇ ಮುಗಿಯುವ ದೃಢೀಕರಣ, ಸಾಕು. ನಿಮ್ಮ ನೆಂಟರಲ್ಲಿ ಯಾರಾದರೂ ಹಾಗೆಂದು ಹೇಳಿದ್ದರೆ ಅದನ್ನು ಯುಎಇಗೆ ಅನ್ವಯಿಸಬೇಡಿ. ಹೆಂಡತಿಯ ಪತ್ರಗಳನ್ನು ಕಳಿಸುವಾಗಲೇ ನಿಮ್ಮ ಬಿ.ಕಾಂ. ಕೂಡ ಹೋಗಲಿ.

ಹೆಸರುಗಳನ್ನು ಅಕ್ಷರ ಅಕ್ಷರ ಹಿಡಿದು ಹೋಲಿಸಿ. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಪಂಚಾಯತಿನ ಮದುವೆ ಪತ್ರದಲ್ಲಿ ಮನೆಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಇರುವುದು ಸಾಮಾನ್ಯ. ಮಲಯಾಳದಲ್ಲಿ ಬರೆದು ಇಂಗ್ಲಿಷಿಗೆ ಇಳಿಸುವಾಗ ಶಂಕರ ಶಂಕರನ್ ಆಗುವುದೂ ಉಂಟು. ಊರಿನಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೀಸಾ ಕಚೇರಿ ತೆಗೆದುಕೊಳ್ಳುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಮೊದಲು ಅದನ್ನು ತುಂಬಿಸಿಕೊಳ್ಳಿ. ಒಂದೇ ಹೆಸರಿನ ಪಾಸ್‌ಪೋರ್ಟುಗಳ ಬಗ್ಗೆ ಯುಎಇ 2022ರ ನವೆಂಬರಿನಿಂದ ಬಿಗಿಯಾಗಿದೆ.

ಒಂದೇ ವಿಮಾನ ಬೇಡ ಎಂದದ್ದಕ್ಕೆ ಕಾರಣವಿದೆ. ಹೆಂಡತಿ ಹೋಗಿ, ವೈದ್ಯಕೀಯ ಪರೀಕ್ಷೆ ಮುಗಿದು, ಅವರ ವಾಸದ ವೀಸಾ ಮತ್ತು ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ಆದ ಮೇಲೆಯೇ ಅವರು ನಿಮಗೆ ಸ್ಪಾನ್ಸರ್ ಆಗಲು ಸಾಧ್ಯ. ಸಾಮಾನ್ಯ ನಿಯಮದಲ್ಲಿ ತಿಂಗಳಿಗೆ 4,000 ದಿರ್ಹಾಂ ಸಂಬಳ, ಇಲ್ಲವೇ 3,000 ಮತ್ತು ವಸತಿ ಬೇಕು. ಹೆಂಡತಿ ಗಂಡನನ್ನು ಕರೆಸಿಕೊಳ್ಳುವಾಗ ಶರತ್ತುಗಳು ಶಾರ್ಜಾ, ಅಜ್ಮಾನ್, ದುಬೈ ಹೀಗೆ ಎಮಿರೇಟಿನಿಂದ ಎಮಿರೇಟಿಗೆ ಬೇರೆಯಾಗುತ್ತವೆ. ಒಪ್ಪಿಗೆ ಕೊಡುವ ಮೊದಲೇ ಶಾಲೆಯ ವೀಸಾ ವಿಭಾಗದಿಂದ ಇದನ್ನು ಬರಹದಲ್ಲಿ ಪಡೆಯಿರಿ. ಶಾಲೆ ಕೊಡುವ ವಸತಿ ಕುಟುಂಬದ ಮನೆಯೋ, ಶಿಕ್ಷಕಿಯರು ಹಂಚಿಕೊಳ್ಳುವ ಕೋಣೆಯೋ ಎಂದೂ ಕೇಳಿ. ಎಷ್ಟೋ ಗಂಡಂದಿರ ಪ್ರಯಾಣ ನಿಂತುಹೋಗುವುದು ಇಲ್ಲೇ. ಪ್ರೊಬೇಷನ್ ಆರು ತಿಂಗಳನ್ನು ಮೀರುವಂತಿಲ್ಲ. ಅಷ್ಟು ಕಾಲ ನೀವು ಊರಿನಲ್ಲಿದ್ದರೆ ನಷ್ಟವೇನಿಲ್ಲ. ಯಾಕೆಂದರೆ ನಿಮ್ಮ ವೀಸಾ ನಿಂತಿರುವುದು ಅವರ ವೀಸಾದ ಮೇಲೆ. ಅವರು ಕೆಲಸ ಬಿಟ್ಟರೆ ಮೊದಲು ರದ್ದು ಮಾಡಬೇಕಾದದ್ದು ನಿಮ್ಮದನ್ನು.

ವೀಸಾಕ್ಕೆಂದು ಯಾವ ಏಜೆಂಟನಾದರೂ ನಿಮ್ಮ ಹೆಂಡತಿಯಿಂದ ಹಣ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ನೇಮಕಾತಿಯ ಖರ್ಚು ಮಾಲೀಕರದು ಎಂದು ಅಲ್ಲಿನ 2021ರ ಕಾರ್ಮಿಕ ಕಾನೂನೇ ಹೇಳುತ್ತದೆ. ಕರಾರಿನಲ್ಲಿ ಒಟ್ಟು ಸಂಬಳ ನೋಡಿ ಹಿಗ್ಗಬೇಡಿ, ಮೂಲ ವೇತನ ಎಷ್ಟೆಂದು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಲೆಕ್ಕವಾಗುವುದು ಅದರ ಮೇಲೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ವೇತನ, ನಂತರ 30 ದಿನದ್ದು.

ಇನ್ನು ನಿಮ್ಮ ಕೆಲಸ. ಅವಲಂಬಿತ ವೀಸಾದಲ್ಲಿ ಇರುವವರು ಕೆಲಸ ಮಾಡಬಹುದು. ಕಂಪೆನಿ ಪ್ರತ್ಯೇಕ ಪರ್ಮಿಟ್ ಮಾಡಿಸಬೇಕು, ಅಷ್ಟೇ. ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವುದು ಅಪರಾಧ, ‘ಎಲ್ಲರೂ ಮಾಡುತ್ತಾರೆ’ ಎನ್ನುವವರ ಮಾತು ಕೇಳಬೇಡಿ. ಲೆಕ್ಕಪತ್ರ ಬಲ್ಲವನಿಗೆ ಅಲ್ಲಿ ಅವಕಾಶವಿದೆ. ಯುಎಇಯಲ್ಲಿ 2018ರಿಂದ ವ್ಯಾಟ್, 2023ರಿಂದ ಕಾರ್ಪೊರೇಟ್ ತೆರಿಗೆ ಬಂದ ಮೇಲೆ ಸಣ್ಣ ವ್ಯಾಪಾರಿಗೂ ಪುಸ್ತಕ ಬರೆಯುವವರು ಬೇಕಾಗಿದ್ದಾರೆ. ಊರಿನಲ್ಲಿ ಇರುವಾಗ ವ್ಯಾಟ್ ಬಗ್ಗೆ ಒಂದು ಕೋರ್ಸ್ ಮಾಡಿಕೊಳ್ಳಿ. ತಮಾಷೆ ಏನೆಂದರೆ, ಇಲ್ಲಿ ಮಲಯಾಳ ಹೇರಿಕೆಯ ವಿರುದ್ಧ ಮೆರವಣಿಗೆ ಹೋದ ನನಗೆ ಅಲ್ಲಿ ಕೆಲಸ ಕೊಡಿಸಿದ್ದು ಮಲಯಾಳವೇ. ಸಂದರ್ಶನ ಪೂರ್ತಿ ಅದರಲ್ಲೇ ನಡೆಯಿತು. ತುಳು, ಬ್ಯಾರಿ ಬಂದರೆ ಇನ್ನೂ ನಾಲ್ಕು ಅಂಗಡಿಗಳ ಬಾಗಿಲು ತೆರೆಯುತ್ತದೆ.

ಕೆಲಸ ಸಿಗುವವರೆಗಿನ ತಿಂಗಳುಗಳು ಕಷ್ಟದವು ಎಂಬುದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಬೆಳಕು ಹರಿಯುವ ಮೊದಲು ಶಾಲೆಯ ಬಸ್ ಹತ್ತುತ್ತಾರೆ. ಅನ್ನ, ಸಾರು, ಬಟ್ಟೆ ನಿಮ್ಮ ಪಾಲು. ಅದರಲ್ಲಿ ಕಷ್ಟವಿಲ್ಲ. ಕಷ್ಟವಿರುವುದು ಊರಿಗೆ ಬಂದಾಗ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ‘ಅವಳು ಶಾಲೆಗೆ ಹೋಗುತ್ತಾಳೆ, ಸರಿ, ನೀನು?’ ಎಂದು ಕೇಳುವಾಗ. ಗಂಡನ ಹಿಂದೆ ಹೋದ ಎಂ.ಎಸ್ಸಿ. ಓದಿದ ಹೆಂಗಸನ್ನು ಯಾರೂ ಹಾಗೆ ಕೇಳುವುದಿಲ್ಲ. ನಾನು ‘ಅಡುಗೆ ಮಾಡುತ್ತೇನೆ, ನಿಮಗಿಂತ ಚೆನ್ನಾಗಿ’ ಎಂದು ಹೇಳಿ ಪಾಯಸಕ್ಕೆ ಎಲೆ ಸರಿಮಾಡಿಕೊಳ್ಳುತ್ತಿದ್ದೆ.

ಮಕ್ಕಳಿದ್ದರೆ ಭಾಷೆಯ ವಿಚಾರ ಬರುತ್ತದೆ. ಶಾಲೆಯಲ್ಲಿ ಅರಬಿ ಕಲಿಯಲೇಬೇಕು, ಕನ್ನಡ ಸಿಗುವುದು ಅಪರೂಪ. ದುಬೈಯಲ್ಲಿ ‘ಕನ್ನಡ ಮಿತ್ರರು’ ಬಳಗ ನಡೆಸುವ ಉಚಿತ ಕನ್ನಡ ಪಾಠಶಾಲೆ ಇದೆ. ಅದನ್ನು ಹುಡುಕಿಕೊಳ್ಳಿ.

ತೋಟದ ಬಗ್ಗೆ ಹೇಳಲೇಬೇಕು. ಅಲ್ಲಿನ ಭಾರತೀಯ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟಿನಲ್ಲಿ. ವರ್ಷವೂ ಊರನ್ನು ಆಟಿ ತಿಂಗಳ ಮಳೆಯಲ್ಲೇ ನೋಡುತ್ತೀರಿ, ಮಾವಿನ ಹಣ್ಣು ಸಿಗುವುದಿಲ್ಲ, ಅಣ್ಣನ ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಆದರೆ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ಮದ್ದು ಬಿಡುವ ಹೊತ್ತಿಗೆ ನೀವು ಇಲ್ಲಿರುತ್ತೀರಿ. ಮಳೆ ಹಿಡಿಯುವ ಮೊದಲಿನ ಮದ್ದಿಗೆ ಮಾತ್ರ ಮರ ಹತ್ತುವವರನ್ನು ಈಗಲೇ ಗೊತ್ತು ಮಾಡಿ, ತಂದೆಯವರ ಮೇಲೆ ಹಾಕಬೇಡಿ.

ಹೆಂಡತಿ ರಾಜೀನಾಮೆ ಕೊಡಬೇಕಾಗಿಲ್ಲ. ಕೇರಳ ಸೇವಾ ನಿಯಮಗಳ 12ಎ ಅನುಬಂಧದಲ್ಲಿ ವಿದೇಶದ ಉದ್ಯೋಗಕ್ಕೆ ವೇತನರಹಿತ ರಜೆ ಇದೆ. ಹಿಂದೆ ಇಪ್ಪತ್ತು ವರ್ಷ ಸಿಗುತ್ತಿತ್ತು, 2020ರಲ್ಲಿ ಅದನ್ನು ಇಡೀ ಸೇವೆಗೆ ಐದು ವರ್ಷಕ್ಕೆ ಇಳಿಸಿದರು. ಆ ಅವಧಿ ಇನ್‌ಕ್ರಿಮೆಂಟಿಗೂ ಪಿಂಚಣಿಗೂ ಸೇರುವುದಿಲ್ಲ. ರಜೆ ಮಂಜೂರಾದ ಆದೇಶ ಕೈಗೆ ಬಂದ ಮೇಲೆಯೇ ಶಾರ್ಜಾದ ಕರಾರಿಗೆ ಸಹಿ ಹಾಕಲಿ. ಅರ್ಜಿ ಈ ವಾರವೇ ಹೋಗಲಿ, ಜೊತೆಗೆ ನಿಮ್ಮ ಬಿ.ಕಾಂ. ಪತ್ರ ಬೆಂಗಳೂರಿಗೆ.