ಕೈತುತ್ತಿನ ಸುದ್ದಿ ಮತ್ತು ತೆರೆಯದ ಕಡತ

ಪ್ರಶ್ನೆ: ನನ್ನ ಮಗಳ ಸಂಸಾರ ಉದ್ಯೋಗದ ನಿಮಿತ್ತ ನಾರ್ವೆಗೆ ಹೊರಟಿದೆ. ಕೈತುತ್ತು ಹಾಕಿದರೆಂದು, ಪಕ್ಕದಲ್ಲಿ ಮಲಗಿಸಿಕೊಂಡರೆಂದು ಅಲ್ಲಿ ಭಾರತೀಯ ದಂಪತಿಯ ಮಕ್ಕಳನ್ನು ಕಿತ್ತುಕೊಂಡ ಸುದ್ದಿಯನ್ನು ಹಿಂದೆ ಟಿ.ವಿ.ಯಲ್ಲಿ ನೋಡಿದ್ದೆ. ಅದು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಕ್ಕಳನ್ನು ಕರೆದೊಯ್ದದ್ದು ನಿಜ, ಕಾರಣ ಕೈತುತ್ತೇ ಎಂಬುದು ಹೆತ್ತವರ ಹೇಳಿಕೆ. 2011ರ ಮೇ ತಿಂಗಳಲ್ಲಿ ಸ್ಟಾವಾಂಗರ್ ನಗರದ ಮಕ್ಕಳ ರಕ್ಷಣಾ ಸೇವೆಯು ಆ ಇಬ್ಬರು ಪುಟ್ಟ ಮಕ್ಕಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಪ್ರಕರಣಕ್ಕೂ ಸಂಸ್ಕೃತಿಯ ಭೇದಕ್ಕೂ ಸಂಬಂಧವಿಲ್ಲವೆಂದು ಅದು ಹೇಳಿತಾದರೂ, ಗೋಪ್ಯತೆಯ ಕಾನೂನಿಗೆ ಬದ್ಧವಾಗಿ ಕಡತದಲ್ಲಿದ್ದ ಕಾರಣಗಳನ್ನು ಬಹಿರಂಗಪಡಿಸಲಿಲ್ಲ. ಒಂದು ಕಡೆಯವರು ಕಣ್ಣೀರಿಟ್ಟು ಮಾತನಾಡುತ್ತಿರುವಾಗ ಇನ್ನೊಂದು ಕಡೆಯವರು ಬಾಯಿ ತೆರೆಯುವಂತಿಲ್ಲದಿದ್ದರೆ, ಕೇಳಿಬಂದ ಮಾತೇ ಸುದ್ದಿಯಾಗುತ್ತದೆ. ನಮ್ಮ ವಾಹಿನಿಗಳು ಅದನ್ನು ಎರಡು ನಾಗರಿಕತೆಗಳ ಜಗಳವಾಗಿಸಿದವು. 2012ರ ಮಾರ್ಚ್‌ನಲ್ಲಿ ದಂಪತಿಯ ನಡುವಿನ ವಿರಸ ಬಯಲಾದಾಗ ಆ ಸರಳ ಕಥೆ ಕುಸಿಯಿತು. ಏಪ್ರಿಲ್‌ನಲ್ಲಿ ಮಕ್ಕಳನ್ನು ಚಿಕ್ಕಪ್ಪನ ಸುಪರ್ದಿಗೆ ಒಪ್ಪಿಸಿ ಭಾರತಕ್ಕೆ ಕಳುಹಿಸಲಾಯಿತು. 2013ರ ಜನವರಿಯಲ್ಲಿ ಕಲ್ಕತ್ತಾ ಹೈಕೋರ್ಟ್ ಅವರನ್ನು ತಾಯಿಗೆ ಒಪ್ಪಿಸಿತು.

ಹಾಗೆಂದು ನಾರ್ವೆಯ ವ್ಯವಸ್ಥೆ ನಿರ್ದೋಷಿಯೆಂದು ನಾನು ಹೇಳಲಾರೆ. ಅಲ್ಲಿಯವಳೇ ಆದ ತಾಯಿಯೊಬ್ಬಳ ಮಗುವನ್ನು ಸಾಕು ಕುಟುಂಬಕ್ಕೆ ದತ್ತು ಕೊಟ್ಟ ಪ್ರಕರಣದಲ್ಲಿ, ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು 2019ರಲ್ಲಿ ನಾರ್ವೆಯ ವಿರುದ್ಧವೇ ತೀರ್ಪಿತ್ತಿದೆ. ವಲಸೆ ಬಂದವರ ರೂಢಿಗಳ ಸುತ್ತಲೇ ಸುತ್ತುವ ವರದಿಗಾರಿಕೆಗೆ, ಮಗುವನ್ನು ತಾಯಿಯಿಂದ ಬೇರ್ಪಡಿಸಲು ಆಧಾರ ಎಷ್ಟಿರಬೇಕು ಎಂಬ ಈ ನಿಜವಾದ ಪ್ರಶ್ನೆ ಕಾಣುವುದಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು, ಆ ಎಳೆಯರ ಹೆಸರು, ಮುಖಗಳನ್ನು ನಮ್ಮ ಪರದೆಗಳು ತಿಂಗಳುಗಟ್ಟಲೆ ತೋರಿಸಿದ್ದು. ಬೇರೆ ಪ್ರಕರಣಗಳಲ್ಲೂ ಇದೇ ಚಾಳಿ: ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ನಿಷೇಧಿಸಿದ್ದರೂ, 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಬಾಲಕಿಯ ಗುರುತನ್ನು ಪ್ರಕಟಿಸಿದ್ದಕ್ಕಾಗಿ ಹಲವು ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ದೆಹಲಿ ಹೈಕೋರ್ಟ್ ಆದೇಶಿಸಬೇಕಾಯಿತು.

ಕೈತುತ್ತಿನ ವಿಚಾರದಲ್ಲಿ ಮಗಳನ್ನು ಹೆದರಿಸಬೇಡಿ. ನಮ್ಮಲ್ಲಿ ಬುದ್ಧಿ ಕಲಿಸಲೆಂದು ಕೊಡುವ ಪೆಟ್ಟು ಮಾತ್ರ ಅಲ್ಲಿ 1987ರಿಂದಲೇ ಕಾನೂನಿಗೆ ವಿರುದ್ಧ. ಹೊರಡುವ ಮುನ್ನ ಅದನ್ನು ಅಳಿಯನಿಗೂ ತಿಳಿಸಿ.