ಕುದುರೆ ಏರದವನ ಪರವಾಗಿ

ಪತ್ರ: ನಿಮ್ಮ ಪತ್ರಿಕೆಯಲ್ಲಿ ಟೀಕಾಕಾರರು, ವ್ಯಾಖ್ಯಾನಕಾರರ ಬಗ್ಗೆ ಪುಟಗಟ್ಟಲೆ ಬರುತ್ತದೆ. ಆಸ್ಥಾನದ ಪಂಡಿತ ವಿಜ್ಞಾನೇಶ್ವರನಿಗೆ ಮೂರು ಪುಟ, ಅನ್ನ ಹಾಕಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನಿಗೆ ಮೂರು ಸಾಲು. ಇದು ನ್ಯಾಯವೇ?
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಹಾಳೆಯ ಎರಡೂ ಬದಿ ತುಂಬಿಸಿ ಬರೆದಿದ್ದೀರಿ, ಅದರ ಸಾರ ಮಾತ್ರ ಮೇಲೆ ಕೊಟ್ಟಿದ್ದೇನೆ. ಇಷ್ಟು ಶ್ರದ್ಧೆಯಿಂದ ಜಗಳ ತೆಗೆಯುವ ಓದುಗರು ಈಗ ಅಪರೂಪ.

ದೊರೆ ದೊಡ್ಡವನೇ, ತಕರಾರಿಲ್ಲ. 1076ರಿಂದ 1126ರವರೆಗೆ ಆಳಿದ, ತನ್ನ ಹೆಸರಿನಲ್ಲೇ ಶಕೆ ನಡೆಸಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಮೇಲೆ 18 ಸರ್ಗಗಳ ಕಾವ್ಯ ಬರೆದ. ಹಾಗಿರುವಾಗ ನನ್ನ ಮೂರು ಸಾಲಿನಿಂದ ಅವನಿಗೇನು ನಷ್ಟ?

ನಮ್ಮ ತಾತ ಗದ್ದೆಯ ಪಾಲಿಗಾಗಿ ದಾವೆ ಹೂಡಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ವಾಯಿದೆ ದಿನ ನನ್ನನ್ನೂ ಕರೆದೊಯ್ಯುತ್ತಿದ್ದರು, ವಾದಕ್ಕಿಂತ ಎದುರಿನ ಹೋಟೆಲಿನ ಬೋಂಡ ನನಗೆ ಮುಖ್ಯ. ವಕೀಲರು ಮಾತಿಗೊಮ್ಮೆ 'ಮಿತಾಕ್ಷರದ ಪ್ರಕಾರ' ಅನ್ನುತ್ತಿದ್ದರು. ಮನೆಗೆ ಬಂದ ತಾತ ಅಜ್ಜಿಗೆ ಹೇಳಿದ್ದು: "ಆ ಮಿತಾಕ್ಷರ ಸಾಹೇಬ್ರು ಒಪ್ಪಿದ್ರೆ ನಮ್ದು ಗೆದ್ದಂಗೇ ಕಣೆ." ಅವರು ಯಾರೋ ಮೇಲಿನ ಜಡ್ಜು ಅಂದುಕೊಂಡಿದ್ದರು. ಪೂರ್ತಿ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರಕ್ಕೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಬಂಗಾಳ ಜೀಮೂತವಾಹನನ 'ದಾಯಭಾಗ' ಎಂಬ ಗ್ರಂಥವನ್ನು ಹಿಡಿಯಿತು, ಮಿಕ್ಕ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಪಾಲಾದದ್ದು ಇವನ ಮಾತಿನಂತೆ. ಅವನು ಕೆಲಸ ಮಾಡಿದ ರೀತಿ ನೋಡಿ. ಗಂಡುಸಂತಾನವಿಲ್ಲದೆ ಸತ್ತವನ ವಾರಸುದಾರರ ಸಾಲಿನಲ್ಲಿ ಹೆಂಡತಿ, ಮಗಳು ಆದಮೇಲೆ ಸ್ಮೃತಿಯಲ್ಲಿ 'ಪಿತರೌ' ಎಂದಿದೆ. ತಾಯಿ-ತಂದೆ ಇಬ್ಬರೂ ಒಂದೇ ಪದದಲ್ಲಿ. ಮೊದಲು ಯಾರಿಗೆ? ತಾಯಿಗೆ ಅನ್ನುತ್ತಾನೆ. ಸಮಾಸ ಬಿಡಿಸಿದರೆ 'ಮಾತಾ' ಮೊದಲು ಬರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಇದಕ್ಕಿಂತ ಸೊಗಸು: ತಂದೆ ಸವತಿಯ ಮಕ್ಕಳಿಗೂ ತಂದೆ, ತಾಯಿ ಇವನಿಗೆ ಮಾತ್ರ ತಾಯಿ, ಆದ್ದರಿಂದ ಅವಳೇ ಹತ್ತಿರ. ಸ್ತ್ರೀಧನದ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯ, ಶ್ಲೋಕದಲ್ಲಿ 'ಆದ್ಯ', ಅಂದರೆ 'ಮುಂತಾದ', ಎಂಬ ಪುಟ್ಟ ಮಾತಿದೆ. ಆ ಸಂದಿಯೊಳಗೆ ಹೆಣ್ಣಿಗೆ ವಾರಸಿನಿಂದ, ಕ್ರಯದಿಂದ, ಪಾಲಿನಿಂದ ಬಂದದ್ದನ್ನೆಲ್ಲ ಸೇರಿಸಿಬಿಟ್ಟ. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ ಮಿತಾಕ್ಷರದ ಆಸ್ತಿ ಪಾಲಿನ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದ. ಆದರೂ ವಾರಸಾಗಿ ಬಂದ ಆಸ್ತಿಯಲ್ಲಿ ಹೆಣ್ಣಿಗೆ ಪೂರ್ಣ ಒಡೆತನ ಕೊಡಲು ಆಗ ನಮಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಅದು ಸಿಕ್ಕಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮಿನಿಂದ.

ಹುಟ್ಟಿನಿಂದಲೇ ಬರುವ ಪಾಲು ಅವನ ಲೆಕ್ಕದಲ್ಲಿ ಗಂಡುಮಕ್ಕಳದ್ದು, ಅದೂ ನಿಜ. ಹೆಣ್ಣುಮಕ್ಕಳಿಗೆ ಅದು ಬಂದದ್ದು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ.

ಇಂಥವನಿಗೆ ನಾವು ಕೊಟ್ಟದ್ದು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ. ಅದೂ 'ಯಾರ ಆಸ್ಥಾನದಲ್ಲಿದ್ದ?' ಎಂದು, ಕೊನೆಗೆ ಅಂಕ ದೊರೆಗೇ. ನಮ್ಮ ಊರುಗಳಲ್ಲಿ ಸರ್ಕಲ್ಲು ಬೇಕಾದರೆ ಕುದುರೆ ಬೇಕು, ಕುದುರೆ ಇಲ್ಲದಿದ್ದರೆ ಕತ್ತಿಯಾದರೂ ಬೇಕು. ಓಲೆಗರಿ ಹಿಡಿದು ಕೂತವನ ಪ್ರತಿಮೆಗೆ ಯಾರು ಚಂದಾ ಎತ್ತುತ್ತಾರೆ? ಈ ಮೇಜಿಗೆ ಬರುವ ಚರಿತ್ರೆಯ ಲೇಖನಗಳಲ್ಲೂ ಹತ್ತಕ್ಕೆ ಒಂಬತ್ತರಲ್ಲಿ ಮೊದಲ ಪ್ಯಾರಾದಲ್ಲೇ ರಕ್ತ ಹರಿದಿರುತ್ತದೆ. ತೆರಿಗೆ ಯಾರು ಕಟ್ಟಿದರು, ವಿಧವೆಗೆ ಏನು ಸಿಕ್ಕಿತು ಎಂದು ತಿರುಗಿ ಬರೆದು ಕೇಳಿದರೆ ಲೇಖಕರಿಗೆ ಕೋಪ.

ಗ್ರಂಥದ ಕೊನೆಗೆ ವಿಜ್ಞಾನೇಶ್ವರ ಒಂದು ಶ್ಲೋಕ ಬರೆದಿದ್ದಾನೆ. ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಮುಂದೆ ಇರುವುದಿಲ್ಲ. ವಿಕ್ರಮನಂಥ ದೊರೆಯನ್ನು ಕಂಡಿಲ್ಲ, ಕೇಳಿಲ್ಲ. ವಿಜ್ಞಾನೇಶ್ವರ ಪಂಡಿತನಿಗೂ ಸಾಟಿಯಿಲ್ಲ. ಈ ಮೂರೂ ಕಲ್ಪಾಂತ್ಯದವರೆಗೆ ಇರಲಿ! ಉಂಡ ಅನ್ನದ ಋಣ ಮರೆಯಲಿಲ್ಲ, ದೊರೆಯ ಪಕ್ಕದಲ್ಲೇ ತನಗೂ ಮಣೆ ಹಾಕಿಕೊಂಡ. ನೀವು ಅವನನ್ನು ಬಾಗಿಲ ಹೊರಗೆ ಕೂರಿಸುತ್ತಿದ್ದೀರಿ.

ವಿಕ್ರಮಾದಿತ್ಯನ ಬಗ್ಗೆ ನೀವೇ ಬರೆದು ಕಳಿಸಿ, ಎರಡು ಪುಟ ತೆಗೆದಿಡುತ್ತೇನೆ. ಅಣ್ಣ ಸೋಮೇಶ್ವರನನ್ನು ಇಳಿಸಿ ತಾನು ಪಟ್ಟಕ್ಕೆ ಬಂದ ಭಾಗವನ್ನು ಮಾತ್ರ ಬಿಡಬೇಡಿ. ಅದೂ ಒಂದು ಪಾಲಿನ ವ್ಯಾಜ್ಯವೇ, ಕೋರ್ಟಿಗೆ ಹೋಗಲಿಲ್ಲ ಅಷ್ಟೆ.