ಓದುಗರ ಪ್ರಶ್ನೆ: ಕ್ಯಾನ್ಸರ್ ಸಂಶೋಧನೆಗಾಗಿ ಸೈಕಲ್ ಯಾತ್ರೆ

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತೇನೆ. ವಯಸ್ಸು 43. ನನ್ನ ತಾಯಿಗೆ ಸ್ತನ ಕ್ಯಾನ್ಸರ್ ಇತ್ತು. ಶಸ್ತ್ರಚಿಕಿತ್ಸೆಯ ನಂತರ ಟಾಮೊಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತ ಒಂಬತ್ತು ವರ್ಷ ಬದುಕಿದ್ದು, ಕಳೆದ ವರ್ಷ ತೀರಿಕೊಂಡರು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ 100 ಕಿ.ಮೀ. ಸೈಕಲ್ ಯಾತ್ರೆಗೆ ಹೆಸರು ಕೊಟ್ಟಿದ್ದೇನೆ. ಆದರೆ ಮಾರುಕಟ್ಟೆಯ ಹಿರಿಯರೊಬ್ಬರು, "ಒಬ್ಬ ರೋಗಿಯ ಚಿಕಿತ್ಸೆಗೆ ಕೇಳು, ಈಗಲೇ ಕೊಡುತ್ತೇನೆ. ಸಂಶೋಧನೆ ಎಂದರೆ ಅದು ಯಾರ ಹೊಟ್ಟೆಗೆ ಹೋಗುತ್ತದಪ್ಪ?" ಎಂದರು. ನನಗೆ ಉತ್ತರ ತೋಚಲಿಲ್ಲ. ತಯಾರಿಯ ಬಗ್ಗೆಯೂ ತಿಳಿಸಿ.

ಉತ್ತರ: ಆ ಹಿರಿಯರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇತ್ತು. ತಾಯಿಯವರು ದಿನವೂ ನುಂಗುತ್ತಿದ್ದ ಆ ಮಾತ್ರೆಯನ್ನು 1962ರಲ್ಲಿ ಇಂಗ್ಲೆಂಡಿನ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ್ದು ಕ್ಯಾನ್ಸರಿಗಾಗಿ ಅಲ್ಲ, ಗರ್ಭನಿರೋಧಕವಾಗಿ. ಆ ಕೆಲಸಕ್ಕೆ ಅದು ಒದಗಲಿಲ್ಲ. ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುವ ಸ್ತನ ಕ್ಯಾನ್ಸರ್ ಕೋಶಗಳಿಗೆ ಆ ಬಲ ಸಿಗದಂತೆ ಇದು ತಡೆಯಬಲ್ಲದೆಂದು ಯೋಚಿಸಿ, ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 1971ರಲ್ಲಿ ಪ್ರಕಟವಾಯಿತು. ಮಾತ್ರೆಯನ್ನು ಎಷ್ಟು ವರ್ಷ ನುಂಗಿದರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂಬುದು ಮುಂದೆ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಮೇಲೆಯೇ ತಿಳಿದದ್ದು. ಹಾಗೆ ಗಮನಿಸುವುದಕ್ಕೂ, ರಕ್ತಪರೀಕ್ಷೆಗೂ, ದಾಖಲೆ ಇಡುವವರ ಸಂಬಳಕ್ಕೂ ಹಣ ಬೇಕು. ಸಂಶೋಧನೆಯ ಹಣ ಹೋಗುವುದು ಅಲ್ಲಿಗೆ. ಚಿಕಿತ್ಸೆಗೆ ಕೊಡುವುದು ಸಣ್ಣದೆಂದು ನಾನು ಎಂದೂ ಹೇಳಲಾರೆ. ಆದರೆ ಇಂದು ಚಿಕಿತ್ಸೆಯಾಗಿರುವ ಆ ಮಾತ್ರೆ ಒಂದು ಕಾಲಕ್ಕೆ ಬರೀ ಪ್ರಯೋಗವಾಗಿತ್ತೆಂದು ಹಿರಿಯರಿಗೆ ಹೇಳಿ.

ನಿಮ್ಮಂತೆಯೇ ತಾಯಿಯನ್ನು ಕಳೆದುಕೊಂಡವರು ಅಮೆರಿಕದ ಬಿಲ್ಲಿ ಸ್ಟಾರ್. ಅವರ ತಾಯಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. 1980ರಲ್ಲಿ ಅವರು 36 ಮಂದಿಯೊಡನೆ ಮ್ಯಾಸಚೂಸೆಟ್ಸ್ ರಾಜ್ಯದುದ್ದಕ್ಕೂ ಸೈಕಲ್ ತುಳಿದು ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ 10,200 ಡಾಲರ್ ಕೊಟ್ಟರು. ಪ್ಯಾನ್-ಮಾಸ್ ಚಾಲೆಂಜ್ ಎಂಬ ಆ ಯಾತ್ರೆ ಇಂದಿಗೂ ನಡೆಯುತ್ತಿದೆ.

ಹಣ ಕೇಳುವ ಮೊದಲು ಆಯೋಜಕರಿಂದ ಎರಡು ವಿಷಯ ಬರೆಸಿಕೊಳ್ಳಿ: ಹಣ ಯಾವ ಸಂಸ್ಥೆಯ ಯಾವ ಕೆಲಸಕ್ಕೆ ಹೋಗುತ್ತದೆ, ಯಾತ್ರೆಯ ಖರ್ಚನ್ನು ಅದರಲ್ಲೇ ಕಳೆಯುತ್ತಾರೋ ಇಲ್ಲವೋ. ಮಾರುಕಟ್ಟೆಯಲ್ಲಿ ನಗದು ಕೊಡುವವರೇ ಹೆಚ್ಚಿರಬಹುದು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ. ಹಣ ನಿಮ್ಮ ಖಾತೆಗೆ ಬರುವುದು ಬೇಡ, ನೇರವಾಗಿ ಸಂಸ್ಥೆಗೇ ಹೋಗಲಿ.

ಇನ್ನು ತಯಾರಿ. ನಲವತ್ತು ದಾಟಿದವರು ಒಮ್ಮೆ ವೈದ್ಯರನ್ನು ಕಂಡು ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಸೀಟು ತೀರಾ ತಗ್ಗಿದ್ದರೆ ಮಂಡಿ ನೋಯುತ್ತದೆ. ಮೊದಲ ವಾರಗಳಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿಬಂದರೆ ಸಾಕು, ದೂರವನ್ನು ವಾರವಾರವೂ ಸ್ವಲ್ಪ ಸ್ವಲ್ಪವೇ ಏರಿಸಿ. 1,478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತಿರದಲ್ಲೇ ಇದೆಯೆಂದು ಆತುರಪಡದೆ, 60 ಕಿ.ಮೀ. ಸಲೀಸಾದ ಮೇಲೆ ಹತ್ತಿ. ಇಳಿಯುವಾಗ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಿರಿ. ಹೆಲ್ಮೆಟ್ ಇಲ್ಲದೆ ಹೊರಡಬೇಡಿ.

ಯಾತ್ರೆ ಮುಗಿದ ಮೇಲೆ ಸಂಸ್ಥೆಯ ರಸೀದಿಗಳನ್ನು ಆ ಹಿರಿಯರಿಗೆ ಮೊದಲು ತೋರಿಸಿ, ಅವರು ಹಣ ಕೊಟ್ಟಿರಲಿ, ಕೊಡದಿರಲಿ.